ಬಾಯಿ ಬಿಡಿಸುವ ನ್ಯಾಯ

1630ರ ಜೂನ್ 21ರ ಬೆಳಗಿನ ಜಾವ. ಇಟಲಿಯ ಮಿಲಾನ್ ನಗರದಲ್ಲಿ ಪ್ಲೇಗು ಮನೆಯಿಂದ ಮನೆಗೆ ಹಬ್ಬುತ್ತಿತ್ತು. ಮಳೆ ಬೀಳುತ್ತಿದ್ದ ಆ ಹೊತ್ತಿನಲ್ಲಿ ಕತೆರೀನಾ ರೋಸಾ ಎಂಬ ಹೆಂಗಸು ಕಿಟಕಿಯಿಂದ ಬೀದಿ ನೋಡುತ್ತಿದ್ದಳು. ಕಪ್ಪು ನಿಲುವಂಗಿ ಹೊದ್ದ ಒಬ್ಬ ಗೋಡೆಗೆ ಒತ್ತಿಕೊಂಡೇ ನಡೆದು ಬರುತ್ತಿದ್ದ. ಕೈಯಲ್ಲೊಂದು ಕಾಗದವಿತ್ತು, ಅದರಲ್ಲಿ ಏನೋ ಬರೆದುಕೊಳ್ಳುವಂತೆ ಕಾಣುತ್ತಿತ್ತು, ನಡುನಡುವೆ ಕೈ ಗೋಡೆಗೆ ತಾಗುತ್ತಿತ್ತು. ಅವಳು ಕಂಡದ್ದು ಇಷ್ಟೆ. ರೋಗ ಹರಡುವ ಮುಲಾಮನ್ನು ಗೋಡೆಗೋಡೆಗೆ ಬಳಿದು ಹೋಗುವ ದುಷ್ಟರಿದ್ದಾರೆ ಎಂಬ ಮಾತು ಊರಿನಲ್ಲಿ ಆಗಲೇ ಎದ್ದಿತ್ತು. ಕಂಡದ್ದಕ್ಕೆ ಕೇಳಿದ್ದು ಕೂಡಿಕೊಂಡಿತು. ಆತನ ಹೆಸರು ಗುಲ್ಯೆಲ್ಮೋ ಪಿಯಾತ್ಸಾ. ನಗರದ ಆರೋಗ್ಯ ಮಂಡಳಿಯ ನೌಕರ. ಯಾವ ಮನೆಯಲ್ಲಿ ಎಷ್ಟು ಮಂದಿ ಮಲಗಿದ್ದಾರೆ, ಎಷ್ಟು ಮಂದಿ ಸತ್ತಿದ್ದಾರೆ ಎಂದು ಪಟ್ಟಿ ಮಾಡುವುದೇ ಅವನ ಕೆಲಸ. ಮಳೆಯಲ್ಲಿ ಸೂರಿನಡಿ ಸರಿದು ನಡೆಯುವುದಾಗಲಿ, ಶಾಯಿ ಮೆತ್ತಿದ ಬೆರಳನ್ನು ಗೋಡೆಗೆ ಒರೆಸುವುದಾಗಲಿ ಯಾರಾದರೂ ಮಾಡುವಂಥದ್ದು. ಮರುದಿನ ಅವನನ್ನು ಹಿಡಿದರು. ಆರು ವಾರ ತುಂಬುವ ಮೊದಲೇ, ಆಗಸ್ಟ್ 1ರಂದು, ಅವನನ್ನೂ ಜಾನ್ ಜಾಕೋಮೋ ಮೋರಾ ಎಂಬ ಕ್ಷೌರಿಕನನ್ನೂ ಗಾಡಿಯಲ್ಲಿ ಊರ ಬೀದಿಗಳಲ್ಲಿ ಒಯ್ದು, ಕಾದ ಇಕ್ಕುಳಗಳಿಂದ ಮೈ ಚಿವುಟಿ, ಮೋರಾನ ಅಂಗಡಿಯ ಮುಂದೆ ಬಲಗೈ ಕತ್ತರಿಸಿ, ಚಕ್ರಕ್ಕೆ ಕಟ್ಟಿ ಎಲುಬು ಮುರಿದು ಕೊಂದರು. ಮೋರಾನ ಮನೆಯನ್ನು ನೆಲಸಮ ಮಾಡಿ ಆ ಜಾಗದಲ್ಲಿ ಒಂದು ಕಂಬ ನೆಟ್ಟರು. ಅದಕ್ಕೆ ಅಪಕೀರ್ತಿಯ ಕಂಬ ಎಂದು ಹೆಸರಿಟ್ಟರು. ಸಾಯುವ ಮುನ್ನ ಇಬ್ಬರೂ ತಪ್ಪೊಪ್ಪಿಕೊಂಡಿದ್ದರು. ಅವರು ಒಪ್ಪಿಕೊಂಡದ್ದು ತಾವು ಮಾಡದ ಅಪರಾಧವನ್ನು. ಅಷ್ಟೇ ಅಲ್ಲ, ಮುಲಾಮು ಬಳಿದು ಊರಿಗೆಲ್ಲ ಪ್ಲೇಗು ಹತ್ತಿಸುವುದು ಯಾರ ಕೈಲೂ ಆಗದ ಅಪರಾಧ.

ಇಂಥ ಕಥೆ ಕೇಳಿದಾಗ ನಮ್ಮಲ್ಲಿ ವಿವರಣೆ ಸಿದ್ಧವಾಗಿರುತ್ತದೆ. ಅದು ಕತ್ತಲೆಯ ಕಾಲ, ಜನ ಮೂಢರು, ನ್ಯಾಯಾಧೀಶರು ಕ್ರೂರಿಗಳು ಎಂದುಬಿಡುತ್ತೇವೆ. ಆದರೆ ಮಿಲಾನಿನ ಆ ನ್ಯಾಯಾಧೀಶರು ಮೂಢರಲ್ಲ. ರೋಮನ್ ಕಾನೂನನ್ನು ವರ್ಷಗಟ್ಟಲೆ ಓದಿದ ಪಂಡಿತರು ಅವರು. ಪ್ರತಿ ಪ್ರಶ್ನೆ, ಪ್ರತಿ ಉತ್ತರ, ಹಗ್ಗ ಬಿಗಿದಾಗ ಕೈದಿ ಕೂಗಿದ ಕೂಗು ಸಮೇತ ಬರೆದಿಡುವ ಲಿಪಿಕಾರ ಅವರ ಪಕ್ಕದಲ್ಲೇ ಕುಳಿತಿದ್ದ. ಅವರ ಕಾನೂನು ನಿಯಮಗಳ ಮೇಲೆ ನಿಯಮ ಕಟ್ಟಿದ, ಎಚ್ಚರ ತುಂಬಿದ ಕಾನೂನು. ಯುರೋಪಿನ ನ್ಯಾಯದ ಇತಿಹಾಸವನ್ನು ಶಾಸನಗಳ ಪಟ್ಟಿಯಾಗಿ ಓದದೆ ಸಂಸ್ಕೃತಿಯ ಇತಿಹಾಸವಾಗಿ ಓದಬೇಕಾದ ಕಾರಣ ಇಲ್ಲಿದೆ. ಸತ್ಯ ಎಲ್ಲಿ ಅಡಗಿರುತ್ತದೆ, ಅದನ್ನು ಹೇಳುವ ಅಧಿಕಾರ ಯಾರಿಗಿದೆ, ಎಷ್ಟು ಖಚಿತವಾದರೆ ಒಬ್ಬನ ಜೀವ ತೆಗೆಯಬಹುದು ಎಂಬ ಪ್ರಶ್ನೆಗಳಿಗೆ ಒಂದು ಸಮಾಜ ಮನಸ್ಸಿನೊಳಗೆ ಮೊದಲೇ ಉತ್ತರ ಕೊಟ್ಟುಕೊಂಡಿರುತ್ತದೆ. ಕಾನೂನು ಆ ಉತ್ತರದ ಮೇಲೆ ನಿಲ್ಲುತ್ತದೆ. ಹಾಗೆ ಓದಿದಾಗ ಎದುರಾಗುವ ಸತ್ಯ ಕಹಿಯಾದದ್ದು: ಯುರೋಪಿನ ನ್ಯಾಯಾಲಯಗಳಿಗೆ ಚಿತ್ರಹಿಂಸೆಯನ್ನು ತಂದದ್ದು ಅಜ್ಞಾನವಲ್ಲ. ಖಚಿತವಾದ ಪುರಾವೆ ಬೇಕೆಂಬ ವಿದ್ವಾಂಸರ ಹಂಬಲ ಅದನ್ನು ತಂದಿತು.

ಅದಕ್ಕೂ ಹಿಂದೆ ಯುರೋಪಿನಲ್ಲಿದ್ದದ್ದು ದಿವ್ಯ. ನಮ್ಮ ಓದುಗರಿಗೆ ಈ ಪದದ ಪರಿಚಯವಿದೆ. ಕಲ್ಯಾಣದಲ್ಲಿ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಬರೆದ ಮಿತಾಕ್ಷರವು ತುಲೆ, ಅಗ್ನಿ, ಜಲ, ವಿಷ, ಕೋಶ ಎಂಬ ದಿವ್ಯಗಳನ್ನು ವಿಸ್ತಾರವಾಗಿ ಚರ್ಚಿಸುತ್ತದೆ; ಮನುಷ್ಯರ ಸಾಕ್ಷಿ ಸಿಗದಾಗ ಮಾತ್ರ ದೈವದ ಸಾಕ್ಷಿಗೆ ಹೋಗಬೇಕು ಎಂಬುದು ಅಲ್ಲಿನ ನಿಲುವು. ಹೆಚ್ಚುಕಡಿಮೆ ಅದೇ ಶತಮಾನದಲ್ಲಿ ಯುರೋಪಿನವರೂ ಇದೇ ತರ್ಕದಲ್ಲಿ ನಡೆಯುತ್ತಿದ್ದರು. ಆರೋಪಿ ಕಾದ ಕಬ್ಬಿಣವನ್ನು ಕೈಯಲ್ಲಿ ಹಿಡಿದು ಕೆಲವು ಹೆಜ್ಜೆ ನಡೆಯಬೇಕು. ಕೈಗೆ ಬಟ್ಟೆ ಕಟ್ಟಿ ಮೂರನೆಯ ದಿನ ಬಿಚ್ಚಿ ನೋಡುತ್ತಾರೆ. ಗಾಯ ಮಾಯುತ್ತಿದ್ದರೆ ನಿರ್ದೋಷಿ, ಕೀವು ತುಂಬಿದ್ದರೆ ದೋಷಿ. ಇಲ್ಲವೇ ಪಾದ್ರಿ ಮಂತ್ರಿಸಿದ ನೀರಿಗೆ ಆರೋಪಿಯನ್ನು ಇಳಿಸುತ್ತಾರೆ. ಮುಳುಗಿದರೆ ನೀರು ಅವನನ್ನು ಸ್ವೀಕರಿಸಿತು ಎಂದರ್ಥ, ತೇಲಿದರೆ ತಳ್ಳಿತು ಎಂದು. ಹಂಗೆರಿಯ ರಾಜ್ಯಕ್ಕೆ ಸೇರಿದ್ದ ವಾರಾದ್ ಎಂಬ ಊರಿನ ಇಗರ್ಜಿಯಲ್ಲಿ 1208ರಿಂದ 1235ರವರೆಗಿನ ಇಂಥ ಪರೀಕ್ಷೆಗಳ ದಾಖಲೆ ಉಳಿದಿದೆ. ಕಾದ ಕಬ್ಬಿಣ ಹಿಡಿದ ಇನ್ನೂರಕ್ಕೂ ಹೆಚ್ಚು ಮಂದಿಯಲ್ಲಿ ಐದರಲ್ಲಿ ಮೂರು ಪಾಲು ಜನ ನಿರ್ದೋಷಿಗಳೆಂದು ಬಿಡುಗಡೆಯಾದರು ಎಂದು ಅದು ತೋರಿಸುತ್ತದೆ. ಕೆಂಪಗೆ ಕಾದ ಕಬ್ಬಿಣ ಇಷ್ಟು ಜನರನ್ನು ಹೇಗೆ ಬಿಟ್ಟಿತು? ಗಾಯ ಮಾಯುತ್ತಿದೆಯೇ ಎಂದು ನೋಡಿ ಹೇಳುವವನು ಪಾದ್ರಿ. ಅವನ ಸುತ್ತ ನಿಂತವರು ಆರೋಪಿಯನ್ನು ಹುಟ್ಟಿನಿಂದ ಬಲ್ಲ ಊರಿನವರು. ಅವರ ಮನಸ್ಸಿನ ತೀರ್ಮಾನ ದೇವರ ತೀರ್ಮಾನದೊಳಗೆ ಸೇರಿಕೊಳ್ಳಲು ದಾರಿಯಿತ್ತು. ತೀರ್ಪಿನ ಭಾರ ಮಾತ್ರ ಯಾರ ತಲೆಯ ಮೇಲೂ ಇರಲಿಲ್ಲ. ಊರು ಮರುದಿನವೂ ಒಟ್ಟಿಗೆ ಬಾಳಬೇಕಾಗಿದ್ದ ಸಣ್ಣ ಸಮಾಜಗಳಲ್ಲಿ ಇದು ದೊಡ್ಡ ಅನುಕೂಲ.

1215ರಲ್ಲಿ ರೋಮಿನ ಲ್ಯಾಟರನ್ ಅರಮನೆಯಲ್ಲಿ ಪೋಪ್ ಮೂರನೆಯ ಇನ್ನೊಸೆಂಟ್ ಕರೆದ ಮಹಾಸಭೆ, ಪಾದ್ರಿಗಳು ಇನ್ನು ಮುಂದೆ ದಿವ್ಯದ ನೀರನ್ನೂ ಕಬ್ಬಿಣವನ್ನೂ ಮಂತ್ರಿಸಕೂಡದು ಎಂದು ವಿಧಿಸಿತು. ಮನುಷ್ಯರು ಕರೆದಾಗಲೆಲ್ಲ ದೇವರು ಪವಾಡ ಮಾಡಬೇಕೆನ್ನುವುದು ದೇವರನ್ನೇ ಪರೀಕ್ಷಿಸಿದಂತೆ ಎಂದು ಪ್ಯಾರಿಸಿನ ವಿದ್ವಾಂಸರು ದಶಕಗಳಿಂದ ವಾದಿಸುತ್ತಿದ್ದರು. ಆ ವಾದ ಗೆದ್ದಿತು. ಇದು ವಿವೇಕದ ಗೆಲುವು, ಅನುಮಾನವಿಲ್ಲ. ಆದರೆ ಮಂತ್ರಿಸುವವರಿಲ್ಲದೆ ದಿವ್ಯವಿಲ್ಲ. ಇನ್ನು ತೀರ್ಪು ಹೇಳುವವರು ಯಾರು? ಇಂಗ್ಲೆಂಡಿನ ದೊರೆ 1219ರಲ್ಲಿ ತನ್ನ ನ್ಯಾಯಾಧೀಶರಿಗೆ ಕಳಿಸಿದ ಆದೇಶದಲ್ಲಿ ತಾತ್ಕಾಲಿಕ ಸಲಹೆಗಳಿಗಿಂತ ಹೆಚ್ಚಿನದೇನೂ ಇರಲಿಲ್ಲ. ಕ್ರಮೇಣ ಅಲ್ಲಿ ನೆರೆಹೊರೆಯ ಹನ್ನೆರಡು ಜನರ ಬಾಯಿಂದ ತೀರ್ಪು ಹೇಳಿಸುವ ಜ್ಯೂರಿ ಪದ್ಧತಿ ಬೇರೂರಿತು. ಹಿಂದೆ ನೀರು ಮಾತಾಡುತ್ತಿದ್ದ ಜಾಗದಲ್ಲಿ ಈಗ ಹನ್ನೆರಡು ಜನ ಪ್ರಮಾಣ ಮಾಡಿ ಮಾತಾಡಿದರು. ನೀರಿನಂತೆಯೇ ಅವರೂ ಕಾರಣ ಹೇಳಬೇಕಾಗಿರಲಿಲ್ಲ. ಇಟಲಿ, ಫ್ರಾನ್ಸ್, ಜರ್ಮನ್ ನಾಡುಗಳು ಬೇರೆ ಹಾದಿ ಹಿಡಿದವು. ಬೊಲೊನ್ಯಾದಂಥ ವಿಶ್ವವಿದ್ಯಾಲಯಗಳಲ್ಲಿ ರೋಮನ್ ಕಾನೂನು ಓದಿ ಬಂದವರಿಗೆ ಒಂದು ಅಳುಕು ಬಲವಾಗಿತ್ತು: ಒಬ್ಬ ಮನುಷ್ಯನ ಊಹೆಯ ಮೇಲೆ ಇನ್ನೊಬ್ಬ ಮನುಷ್ಯನ ತಲೆ ತೆಗೆಯಬಹುದೇ? ತೆಗೆಯಬಾರದು ಎಂದು ಅವರು ನಿರ್ಧರಿಸಿದರು. ಸಾವಿನ ಶಿಕ್ಷೆಗೆ ಕಣ್ಣಾರೆ ಕಂಡ ಇಬ್ಬರು ಸಾಕ್ಷಿಗಳು ಬೇಕು, ಇಲ್ಲವೇ ಆರೋಪಿಯ ತಪ್ಪೊಪ್ಪಿಗೆ ಬೇಕು. ರಕ್ತ ಮೆತ್ತಿದ ಕತ್ತಿಯೊಂದಿಗೆ ಒಬ್ಬ ಮನೆಯಿಂದ ಓಡಿಹೋದದ್ದನ್ನು ಹತ್ತು ಜನ ನೋಡಿದ್ದರೂ, ಇರಿದದ್ದನ್ನು ಇಬ್ಬರು ನೋಡಿಲ್ಲವಾದರೆ ಅದು ಪೂರ್ಣ ಪುರಾವೆಯಲ್ಲ.

ಈ ನಿಯಮದ ಹಿಂದಿನ ಭಯವನ್ನು ಗ್ರಂಥಗಳಿಗಿಂತ ಚಿತ್ರಗಳು ಚೆನ್ನಾಗಿ ಹೇಳುತ್ತವೆ. ಫ್ಲಾಂಡರ್ಸಿನ ಬ್ರೂಜ್ ನಗರದ ಪುರಭವನಕ್ಕಾಗಿ ಗೆರಾರ್ಡ್ ಡಾವಿಡ್ ಎಂಬ ಕಲಾವಿದ 1498ರಲ್ಲಿ ಎರಡು ದೊಡ್ಡ ಫಲಕಗಳನ್ನು ಬರೆದು ಮುಗಿಸಿದ. ಲಂಚ ತಿಂದ ಸಿಸಾಮ್ನಿಸ್ ಎಂಬ ನ್ಯಾಯಾಧೀಶನ ಚರ್ಮವನ್ನು ಪರ್ಷಿಯಾದ ದೊರೆ ಕ್ಯಾಂಬಿಸಿಸ್ ಜೀವಂತ ಸುಲಿಸಿ, ಅದೇ ಚರ್ಮ ಹೊದಿಸಿದ ಪೀಠದಲ್ಲಿ ಅವನ ಮಗನನ್ನೇ ನ್ಯಾಯಾಧೀಶನಾಗಿ ಕೂರಿಸಿದ ಪುರಾತನ ಕಥೆ ಅದರಲ್ಲಿದೆ. ತೀರ್ಪು ಕೊಡುವವರ ಕಣ್ಣೆದುರಿಗೇ ಇದನ್ನು ನೇತುಹಾಕಿದ್ದರು. ನ್ಯಾಯದೇವತೆಯ ಕಣ್ಣಿನ ಪಟ್ಟಿಯೂ ಇಂಥದ್ದೇ ಭಯದ ಗುರುತು. 1494ರಲ್ಲಿ ಬಾಸೆಲ್ ನಗರದಲ್ಲಿ ಅಚ್ಚಾದ ಒಂದು ವಿಡಂಬನ ಕಾವ್ಯದ ಮರದಚ್ಚಿನಲ್ಲಿ ಆ ಪಟ್ಟಿಯನ್ನು ಕಟ್ಟುತ್ತಿರುವವನು ಒಬ್ಬ ಮೂರ್ಖ. ಕಣ್ಣು ಕಟ್ಟಿದ ನ್ಯಾಯ ಎಂದರೆ ಅಲ್ಲಿ ದಾರಿ ತಪ್ಪಿದ ನ್ಯಾಯ. ಕೆಲವೇ ದಶಕಗಳಲ್ಲಿ ಅದೇ ಪಟ್ಟಿ ಪಕ್ಷಪಾತವಿಲ್ಲದ ನ್ಯಾಯದ ಹೆಗ್ಗುರುತಾಗಿ ಬದಲಾಯಿತು, ಇಂದಿಗೂ ಹಾಗೇ ಉಳಿದಿದೆ. ನ್ಯಾಯಾಧೀಶ ತನ್ನ ಕಣ್ಣನ್ನು ನೆಚ್ಚಬಾರದು, ನಿಯಮವನ್ನು ನೆಚ್ಚಬೇಕು ಎಂಬ ಭಾವನೆ ಗಟ್ಟಿಯಾದ ಕಾಲವದು. ನ್ಯಾಯಾಧೀಶ ಅಭಿಪ್ರಾಯ ಹೇಳುವವನಲ್ಲ, ಪುರಾವೆ ಎಣಿಸುವವನು. ಮೇಲ್ನೋಟಕ್ಕೆ ಇದಕ್ಕಿಂತ ಮಾನವೀಯವಾದ ನಿಯಮ ಬೇರೆ ಇಲ್ಲ ಎನಿಸುತ್ತದೆ.

ತೊಡಕು ಇಲ್ಲಿಂದಲೇ ಶುರುವಾಗುತ್ತದೆ. ಕಳ್ಳನಾಗಲಿ ಕೊಲೆಗಾರನಾಗಲಿ ಇಬ್ಬರು ಸಾಕ್ಷಿಗಳನ್ನು ನಿಲ್ಲಿಸಿಕೊಂಡು ಕೆಲಸ ಮಾಡುವುದಿಲ್ಲ. ಹಾಗಾಗಿ ಉಳಿದ ದಾರಿ ತಪ್ಪೊಪ್ಪಿಗೆ ಒಂದೇ. ಪುರಾವೆಗಳ ರಾಣಿ ಎಂದು ಕಾನೂನು ಪಂಡಿತರು ಅದನ್ನು ಕರೆದರು. ಆರೋಪಿ ತಾನಾಗಿ ಒಪ್ಪದಿದ್ದರೆ? ಅರ್ಧ ಪುರಾವೆಯಷ್ಟಾದರೂ ಕೈಯಲ್ಲಿದ್ದರೆ, ಉಳಿದರ್ಧವನ್ನು ಅವನ ಬಾಯಿಂದಲೇ ತೆಗೆಯಬಹುದು. 1228ರ ಹೊತ್ತಿಗೆ ವೆರೋನಾ ನಗರದ ಶಾಸನದಲ್ಲಿ ಚಿತ್ರಹಿಂಸೆ ಕಾಣಿಸಿಕೊಳ್ಳುತ್ತದೆ. 1252ರಲ್ಲಿ ಪೋಪ್ ನಾಲ್ಕನೆಯ ಇನ್ನೊಸೆಂಟ್ ಮತಭ್ರಷ್ಟರ ವಿಚಾರಣೆಯಲ್ಲಿ ಅದಕ್ಕೆ ಅನುಮತಿ ಕೊಟ್ಟ. ದಿವ್ಯವನ್ನು ಮಂತ್ರಿಸಕೂಡದೆಂಬ ವಿಧಿ ಬಂದು ನಲವತ್ತು ವರ್ಷವೂ ಆಗಿರಲಿಲ್ಲ. ಅದರ ಸುತ್ತ ಹಾಕಿದ ಬೇಲಿಗಳನ್ನೂ ಗಮನಿಸಬೇಕು. ಚಕ್ರವರ್ತಿ ಐದನೆಯ ಚಾರ್ಲ್ಸ್ 1532ರಲ್ಲಿ ಹೊರಡಿಸಿದ, ಕಾರೊಲಿನಾ ಎಂದು ಹೆಸರಾದ ದಂಡಸಂಹಿತೆ, ಸಾಕಷ್ಟು ಆಧಾರವಿಲ್ಲದೆ ಚಿತ್ರಹಿಂಸೆ ಕೊಡಬಾರದು ಎನ್ನುತ್ತದೆ. ಉತ್ತರವನ್ನು ಸೂಚಿಸುವ ಪ್ರಶ್ನೆ ಕೇಳಬಾರದು ಎನ್ನುತ್ತದೆ. ಕೈದಿ ಹೇಳಿದ ವಿವರಗಳನ್ನು ಹೊರಗೆ ಹೋಗಿ ತಾಳೆ ನೋಡಬೇಕು ಎನ್ನುತ್ತದೆ. ನೋವಿನಲ್ಲಿ ಹೇಳಿದ್ದನ್ನು ಆಮೇಲೆ, ಹಗ್ಗದಿಂದ ದೂರದಲ್ಲಿ, ಮತ್ತೆ ಹೇಳಿದರೆ ಮಾತ್ರ ಅದಕ್ಕೆ ಬೆಲೆ ಎನ್ನುತ್ತದೆ. ಹಿಂದೆಗೆದುಕೊಂಡರೆ? ಮತ್ತೆ ಹಗ್ಗ. ಬೇಲಿಗಳೆಲ್ಲ ಹೊಲದ ಸುತ್ತ ಇದ್ದವು, ಹೊಲದ ನಡುವೆಯೇ ಬಾವಿ ಬಾಯ್ತೆರೆದಿತ್ತು.

ಮಿಲಾನಿನ ಮೊಕದ್ದಮೆಯ ದಾಖಲೆ ಓದಿದರೆ ಆ ಬಾವಿಯ ಆಳ ತಿಳಿಯುತ್ತದೆ. ಗೋಡೆಗೆ ಏನೋ ಬಳಿದಿದ್ದಾರಂತಲ್ಲ, ಗೊತ್ತೇ ಎಂದು ಪಿಯಾತ್ಸಾನನ್ನು ಕೇಳಿದರು. ಗೊತ್ತಿಲ್ಲ ಎಂದ. ಊರಿಗೆಲ್ಲ ಗೊತ್ತಿರುವುದು ಇವನಿಗೆ ಗೊತ್ತಿಲ್ಲವೆಂದರೆ ನಂಬುವಂತಿಲ್ಲ, ಅಂದರೆ ಸುಳ್ಳು, ಅಂದರೆ ಆಧಾರ, ಅಂದರೆ ಹಗ್ಗ. ಕೈಗಳನ್ನು ಹಿಂದಕ್ಕೆ ಕಟ್ಟಿ ಮೇಲಕ್ಕೆಳೆದರು. ಆತ ತಡೆದುಕೊಂಡ. ಮತ್ತೆ ಎಳೆದರು, ಮತ್ತೂ ತಡೆದುಕೊಂಡ. ಬಳಿಕ, ನಿಜ ಹೇಳಿದರೆ ಶಿಕ್ಷೆಯಿಲ್ಲ ಎಂಬ ಆಸೆ ತೋರಿಸಿದರು. ಆಗ ಅವನ ಬಾಯಿಂದ ಮೋರಾನ ಹೆಸರು ಬಂತು; ಪ್ಲೇಗಿಗೆ ಮದ್ದು ಎಂದು ಮುಲಾಮೊಂದನ್ನು ತಯಾರಿಸುತ್ತಿದ್ದ ಕ್ಷೌರಿಕನ ಹೆಸರು ಅಂಥ ಹೊತ್ತಿನಲ್ಲಿ ನೆನಪಾಗದೆ ಇರುತ್ತದೆಯೇ? ಮೋರಾನ ಮನೆಯಲ್ಲಿ ಬಟ್ಟೆ ಒಗೆಯಲು ಕಲಸಿಟ್ಟ ಬೂದಿನೀರಿನ ಪಾತ್ರೆ ಸಿಕ್ಕಿತು. ಬಟ್ಟೆ ಒಗೆಯುವ ಹೆಂಗಸರನ್ನು ತಜ್ಞರೆಂದು ಕರೆಸಿ ಕೇಳಿದರು. ಇದರಲ್ಲಿ ಏನೋ ಸರಿಯಿಲ್ಲ ಎಂದರು ಅವರು. ಊರೆಲ್ಲ ನಡುಗುತ್ತಿದ್ದಾಗ, ನ್ಯಾಯಾಧೀಶರೇ ಅನುಮಾನಿಸುತ್ತಿರುವ ಪಾತ್ರೆಯನ್ನು ಮುಂದಿಟ್ಟು ಕೇಳಿದರೆ ಬೇರೆ ಉತ್ತರ ಬರುವುದು ಕಷ್ಟ. ಒಂದೊಂದು ಹೆಜ್ಜೆಯಲ್ಲೂ ತರ್ಕವಿದೆ ಎನ್ನುವುದೇ ಇಲ್ಲಿನ ಭಯಾನಕ ಸಂಗತಿ.

ಚಿತ್ರಹಿಂಸೆಗೆ ಒಳಗಾದವರ ಮಾತು ಲಿಪಿಕಾರನ ಕೈಯಿಂದಲೇ ನಮಗೆ ಸಿಗುವುದು ಹೆಚ್ಚು. ತಮ್ಮ ಕೈಯಿಂದಲೇ ಬರೆದವರು ತೀರ ಕಡಿಮೆ. ಅವರಲ್ಲಿ ಜರ್ಮನಿಯ ಬಾಂಬರ್ಗ್ ನಗರದ ಮೇಯರ್ ಆಗಿದ್ದ ಯೊಹಾನೆಸ್ ಯೂನಿಯಸ್ ಒಬ್ಬ. 1628ರಲ್ಲಿ ಅವನನ್ನು ಮಾಟಗಾರನೆಂದು ಹಿಡಿದರು. ನ್ಯಾಯಾಲಯದ ಕಡತದಲ್ಲಿ ಅವನ ತಪ್ಪೊಪ್ಪಿಗೆ ಕ್ರಮಬದ್ಧವಾಗಿದೆ: ಸೈತಾನ ಎದುರಾದದ್ದು, ತಾನು ದೇವರನ್ನು ತೊರೆದದ್ದು, ರಾತ್ರಿಯ ಕೂಟಕ್ಕೆ ಹೋದದ್ದು. ಬೆರಳು ಜಜ್ಜಿಹೋಗಿದ್ದ ಕೈಯಿಂದ ಅವನು ಮಗಳಿಗೆ ಕದ್ದು ಬರೆದ ಕಾಗದದಲ್ಲಿ ಇನ್ನೊಂದು ಕಥೆಯಿದೆ. ಹಿಂಸೆ ಕೊಡುತ್ತಿದ್ದವನೇ, ದಮ್ಮಯ್ಯ, ಏನಾದರೂ ಕಲ್ಪಿಸಿಕೊಂಡು ಹೇಳಿಬಿಡಿ, ಇದನ್ನು ನೀವು ತಾಳಲಾರಿರಿ ಎಂದು ಬೇಡಿಕೊಂಡನಂತೆ. ಒಪ್ಪಿಕೊಂಡ ಮೇಲೂ ಬಿಡಲಿಲ್ಲ. ಬೀದಿಯ ಮೇಲೆ ಬೀದಿಯ ಹೆಸರು ಹೇಳಿ, ಅಲ್ಲಿ ಯಾರನ್ನು ಕೂಟದಲ್ಲಿ ಕಂಡೆ ಎಂದು ಕೇಳಿದರಂತೆ. ಆ ವರ್ಷದ ಆಗಸ್ಟಿನಲ್ಲಿ ಅವನನ್ನು ಕೊಂದರು. ಕಡತವೂ ಕಾಗದವೂ ಎರಡೂ ಉಳಿದಿವೆ. ಸಾಂಸ್ಕೃತಿಕ ಇತಿಹಾಸ ಬರೆಯುವವರು ಹಳೆಯ ನ್ಯಾಯಾಲಯದ ಕಡತಗಳನ್ನು ಏಕೆ ಅಷ್ಟು ಎಚ್ಚರದಿಂದ ಓದುತ್ತಾರೆ ಎಂಬುದಕ್ಕೆ ಇವೆರಡನ್ನು ಪಕ್ಕಪಕ್ಕ ಇಟ್ಟರೆ ಸಾಕು. ನ್ಯಾಟಲಿ ಡೇವಿಸ್, ಕಾರ್ಲೋ ಗಿನ್ಸ್‌ಬರ್ಗ್ ಅವರಂಥ ಇತಿಹಾಸಕಾರರು ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಕಲಿಸಿಕೊಟ್ಟದ್ದು ಇದನ್ನೇ: ಕಡತದಲ್ಲಿರುವುದು ಆರೋಪಿಯ ಮನಸ್ಸು ಮಾತ್ರವಲ್ಲ, ಕೇಳುವವನು ಏನನ್ನು ಕೇಳಲು ಬಯಸಿದ್ದ ಎಂಬುದೂ ಹೌದು. ಯುರೋಪಿನಲ್ಲಿ ಮಾಟದ ಆರೋಪಕ್ಕೆ ಬಲಿಯಾದವರು ಸುಮಾರು 40ರಿಂದ 60 ಸಾವಿರ ಎಂದು ಅಂದಾಜು. ಬಹಳಷ್ಟು ಕಡೆ ಆ ಬೆಂಕಿಗೆ ಸೌದೆ ಒಟ್ಟಿದ್ದು ಇಂಥ ಹೆಸರುಗಳ ಪಟ್ಟಿ.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಏಳುತ್ತದೆ. ಎಲ್ಲವನ್ನೂ ಆ ಕಾಲದ ಮನೋಧರ್ಮ ಎಂದು ವಿವರಿಸಿಬಿಟ್ಟರೆ ಕೊಂದವರ ಹೊಣೆ ಎಲ್ಲಿ ಹೋಯಿತು? ಅರ್ಥ ಮಾಡಿಕೊಳ್ಳುವ ಹೆಸರಿನಲ್ಲಿ ಕ್ಷಮಿಸಿಬಿಟ್ಟಂತಾಗಲಿಲ್ಲವೇ? ಈ ಆಕ್ಷೇಪವನ್ನು ಅತ್ಯಂತ ತೀಕ್ಷ್ಣವಾಗಿ ಎತ್ತಿದವನು ಇಟಲಿಯ ಕಾದಂಬರಿಕಾರ ಅಲೆಸ್ಸಾಂದ್ರೋ ಮಾನ್‌ಜೋನಿ, ಅದೂ ಇದೇ ಮಿಲಾನಿನ ಮೊಕದ್ದಮೆಯನ್ನು ಮುಂದಿಟ್ಟುಕೊಂಡು. ಅವನಿಗಿಂತ ಮೊದಲು ಪಿಯೆತ್ರೋ ವೆರ್ರಿ ಎಂಬ ಚಿಂತಕ ಅದೇ ಕಡತ ಓದಿ, ಚಿತ್ರಹಿಂಸೆಯ ಪದ್ಧತಿಯೂ ಆ ಕಾಲದ ಅಜ್ಞಾನವೂ ಸೇರಿ ಮುಗ್ಧರನ್ನು ಕೊಂದವು ಎಂದು ಬರೆದಿದ್ದ. 1840ರ ದಶಕದ ಆರಂಭದಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಮಾನ್‌ಜೋನಿ ಅದನ್ನು ಒಪ್ಪಲಿಲ್ಲ. ಆ ಕಾಲದ ಕಾನೂನು ಪಂಡಿತರ ಗ್ರಂಥಗಳನ್ನೇ ತೆಗೆದು ತೋರಿಸಿದ: ಅಷ್ಟು ತೆಳುವಾದ ಆಧಾರದ ಮೇಲೆ ಹಗ್ಗ ಬಿಗಿಯಲು ಅವರ ಕಾನೂನೇ ಬಿಡುತ್ತಿರಲಿಲ್ಲ, ಶಿಕ್ಷೆಯಿಲ್ಲವೆಂಬ ಆಮಿಷದಿಂದ ಹೊರಟ ಹೆಸರಿಗೆ ಬೆಲೆ ಕೊಡಲೂ ಬಿಡುತ್ತಿರಲಿಲ್ಲ. ನ್ಯಾಯಾಧೀಶರು ತಮ್ಮ ನಿಯಮವನ್ನೇ ಮುರಿದರು. ಜನರ ಕೋಪಕ್ಕೆ ಹೆದರಿ, ಅಪರಾಧಿ ಸಿಗಲೇಬೇಕೆಂಬ ಹಟಕ್ಕೆ ಬಿದ್ದು ಮುರಿದರು. ಬೇರೆ ರೀತಿ ನಡೆದುಕೊಳ್ಳುವುದು ಅವರ ಕೈಯಲ್ಲಿತ್ತು.

ಮಾನ್‌ಜೋನಿಯ ಮಾತು ಸರಿ ಎಂದೇ ನಾನು ತಿಳಿದಿದ್ದೇನೆ. ಅದಕ್ಕೆ ಸ್ಪೇನಿನಲ್ಲಿ ಇನ್ನೂ ಬಲವಾದ ಆಧಾರವಿದೆ. 1610ರ ನವೆಂಬರಿನಲ್ಲಿ ಲೊಗ್ರೋನ್ಯೊ ಊರಿನಲ್ಲಿ ಮಾಟದ ಆರೋಪದ ಮೇಲೆ ಆರು ಜನರನ್ನು ಸುಟ್ಟ ನ್ಯಾಯಮಂಡಳಿಯ ಸದಸ್ಯರಲ್ಲಿ ಅಲೊನ್ಸೊ ದೆ ಸಲಾಸಾರ್ ಒಬ್ಬ. ಸಾಕ್ಷ್ಯದ ಬಗ್ಗೆ ಅನುಮಾನ ಬಂದ ಆತ ಮರುವರ್ಷ ಬಾಸ್ಕ್ ಸೀಮೆಯ ಹಳ್ಳಿಗಳನ್ನು ಸುತ್ತಿದ. ಸಾವಿರದ ಎಂಟುನೂರು ತಪ್ಪೊಪ್ಪಿಗೆಗಳನ್ನು ಬರೆದುಕೊಂಡ, ಹೆಚ್ಚಿನವು ಮಕ್ಕಳವು. ಕೂಟ ನಡೆಯಿತೆಂದ ಜಾಗಗಳಿಗೆ ಹೋಗಿ ನೋಡಿದ, ಮಾಟದ ಮುಲಾಮು ಎಂದು ತಂದುಕೊಟ್ಟದ್ದನ್ನು ಪರೀಕ್ಷೆ ಮಾಡಿಸಿದ. ಜನ ಮಾಟದ ಬಗ್ಗೆ ಮಾತಾಡಲು, ಬರೆಯಲು ತೊಡಗುವವರೆಗೆ ಆ ಸೀಮೆಯಲ್ಲಿ ಮಾಟಗಾತಿಯರೇ ಇರಲಿಲ್ಲ ಎಂಬ ತೀರ್ಮಾನಕ್ಕೆ ಬಂದ. 1614ರಲ್ಲಿ ಸ್ಪೇನಿನ ಧರ್ಮವಿಚಾರಣಾ ಮಂಡಳಿ ಅವನ ವರದಿಯನ್ನು ಅನುಸರಿಸಿ ತನ್ನ ನಿಯಮ ಬಿಗಿಗೊಳಿಸಿತು. ಸೈತಾನನಿದ್ದಾನೆ ಎಂಬುದನ್ನು ಸಲಾಸಾರ್ ಎಂದೂ ಅಲ್ಲಗಳೆದವನಲ್ಲ. ಅವನ ಕಾಲವೇ, ಅವನ ನಂಬಿಕೆಯೇ, ಅವನ ಕಾನೂನೇ ಅವನನ್ನು ಬೇರೆಡೆಗೆ ಒಯ್ದವು. ಹಾಗಾದರೆ ಸಂಸ್ಕೃತಿಯ ವಿವರಣೆ ಬಿದ್ದುಹೋಯಿತೇ? ಇಲ್ಲ. ಒಬ್ಬ ನ್ಯಾಯಾಧೀಶನ ಮುಂದೆ ಯಾವ ಬಾಗಿಲುಗಳಿದ್ದವು ಎಂದು ಸಂಸ್ಕೃತಿ ಹೇಳುತ್ತದೆ; ಯಾವುದನ್ನು ತೆರೆದ ಎಂಬುದು ಅವನ ಲೆಕ್ಕಕ್ಕೆ ಸೇರಿದ್ದು. ಬಾಗಿಲುಗಳೆಷ್ಟಿದ್ದವು ಎಂದು ತಿಳಿಯದೆ ಹೊಣೆ ಹೊರಿಸಲೂ ಬಾರದು, ಇಳಿಸಲೂ ಬಾರದು. ಮಾನ್‌ಜೋನಿಯೂ ಆ ಪಂಡಿತರ ಗ್ರಂಥಗಳನ್ನು ಓದಿಯೇ ನ್ಯಾಯಾಧೀಶರನ್ನು ದೋಷಿಗಳೆಂದ.

ಇನ್ನೊಂದು ಆಕ್ಷೇಪ: ಪುರಾವೆ, ಸತ್ಯ ಎಂಬುದೆಲ್ಲ ನೆಪ, ಕೊನೆಗೆ ಬಲವಿದ್ದವನೇ ಗೆಲ್ಲುವುದು. ಮಿಲಾನಿನಲ್ಲಿ ಇದಕ್ಕೂ ಆಧಾರ ಸಿಗುತ್ತದೆ. ಬಾಯಿಬಿಟ್ಟವರು ಹೇಳಿದ ಹೆಸರುಗಳಲ್ಲಿ ಕೋಟೆಯ ಸ್ಪ್ಯಾನಿಷ್ ಅಧಿಪತಿಯ ಮಗ, ಸೇನಾಧಿಕಾರಿ ಪದಿಯ್ಯಾನದೂ ಇತ್ತು. ಅವನಿಗೆ ವಕೀಲರು ಸಿಕ್ಕರು, ಕಾಲಾವಕಾಶ ಸಿಕ್ಕಿತು, ಬಿಡುಗಡೆಯೂ ಆಯಿತು. ಕ್ಷೌರಿಕನಿಗೆ ಸಿಗದ ನ್ಯಾಯ ಸೇನಾಧಿಕಾರಿಗೆ ಸಿಕ್ಕಿತು. ಇದನ್ನು ಮರೆಮಾಚುವ ಇತಿಹಾಸ ಇತಿಹಾಸವಲ್ಲ. ಆದರೆ ಬಲವಿದ್ದವರಿಗೆ ಬರೀ ಕೊಲ್ಲುವುದೇ ಬೇಕಿದ್ದರೆ ತಪ್ಪೊಪ್ಪಿಗೆ ಏಕೆ ಬೇಕಿತ್ತು? ಅಷ್ಟು ದಿನದ ವಿಚಾರಣೆ, ಅಷ್ಟು ಕಾಗದ ಏಕೆ? ಮೋರಾನ ಮಾತು ಮೋರಾನ ಬಾಯಿಂದಲೇ ಬರಬೇಕು ಎಂಬ ಹಟದಲ್ಲೇ, ಬಲ ಕೂಡ ತಲೆಬಾಗಲೇಬೇಕಾದ ಒಂದು ನಂಬಿಕೆ ಕಾಣುತ್ತದೆ. ಇಂಗ್ಲೆಂಡನ್ನು ಪಕ್ಕದಲ್ಲಿಟ್ಟು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಅಲ್ಲಿ ಚಿತ್ರಹಿಂಸೆ ಸಾಮಾನ್ಯ ವಿಚಾರಣೆಯ ಭಾಗವಾಗಲಿಲ್ಲ. 1540ರಿಂದ 1640ರವರೆಗಿನ ನೂರು ವರ್ಷದಲ್ಲಿ ಅದಕ್ಕಾಗಿ ಹೊರಟ ಆಜ್ಞಾಪತ್ರಗಳು 81 ಎಂದು ಕಾನೂನು ಇತಿಹಾಸಕಾರ ಜಾನ್ ಲ್ಯಾಂಗ್‌ಬೀನ್ ಲೆಕ್ಕ ಹಾಕಿದ್ದಾರೆ. ಇಂಗ್ಲಿಷರು ಹೆಚ್ಚು ದಯಾವಂತರಾಗಿದ್ದರು ಎಂದಲ್ಲ. ಜ್ಯೂರಿಯ ವಿಚಾರಣೆಗೆ ಒಪ್ಪದವರ ಎದೆಯ ಮೇಲೆ ಕಲ್ಲು, ಕಬ್ಬಿಣ ಹೇರುವ ಪದ್ಧತಿ ಅಲ್ಲಿತ್ತು. 1586ರಲ್ಲಿ ಯಾರ್ಕ್ ನಗರದಲ್ಲಿ ಮಾರ್ಗರೆಟ್ ಕ್ಲಿಥರೋ ಎಂಬ ಗೃಹಿಣಿ ಹಾಗೆ ಸತ್ತಳು, 1772ರವರೆಗೂ ಆ ಪದ್ಧತಿ ಹೋಗಲಿಲ್ಲ. ಆದರೆ ಹನ್ನೆರಡು ಜನ ತಮಗೆ ತೋಚಿದಂತೆ ತೀರ್ಪು ಹೇಳಬಹುದಾಗಿದ್ದ ಕಡೆ, ತಪ್ಪೊಪ್ಪಿಗೆ ಇಲ್ಲದೆಯೂ ಗಲ್ಲು ಸಾಧ್ಯವಿತ್ತು. ಅಲ್ಲಿ ಸಾಮಾನ್ಯ ವಿಚಾರಣೆಯಲ್ಲಿ ಬಾಯಿ ಬಿಡಿಸುವ ಅಗತ್ಯ ಬೀಳಲಿಲ್ಲ.

ಚಿತ್ರಹಿಂಸೆ ಹೋದದ್ದು ಹೇಗೆ? ಶಾಲೆಯ ಪುಸ್ತಕಗಳ ಉತ್ತರ ಚೆಸಾರೆ ಬೆಕ್ಕಾರಿಯಾ. ಇವನೂ ಮಿಲಾನಿನವನೇ, ಮಾನ್‌ಜೋನಿಯ ತಾಯಿಯ ತಂದೆ. 1764ರಲ್ಲಿ, ಇಪ್ಪತ್ತಾರನೆಯ ವಯಸ್ಸಿನಲ್ಲಿ, ಅಪರಾಧ ಮತ್ತು ಶಿಕ್ಷೆಗಳ ಬಗ್ಗೆ ಹೆಸರು ಹಾಕದೆ ಪ್ರಕಟಿಸಿದ ಪುಟ್ಟ ಪುಸ್ತಕದಲ್ಲಿ ಅವನು ಹೂಡಿದ ವಾದಕ್ಕೆ ಉತ್ತರವಿಲ್ಲ: ಅಪರಾಧ ಖಚಿತವಾಗಿದ್ದರೆ ಹಿಂಸೆ ಬೇಕಿಲ್ಲ, ಖಚಿತವಾಗಿಲ್ಲದಿದ್ದರೆ ಹಿಂಸೆಗೆ ಒಳಗಾಗುತ್ತಿರುವವನು ನಿರಪರಾಧಿಯಿರಬಹುದು, ಮೈಯಲ್ಲಿ ಕಸುವಿರುವ ಪಾತಕಿ ಪಾರಾಗುತ್ತಾನೆ, ಕಸುವಿಲ್ಲದ ಮುಗ್ಧ ಸಾಯುತ್ತಾನೆ. ಆದರೆ ಈ ವಾದ ಹೊಸದಲ್ಲ. ಮಾಟಗಾತಿಯರ ವಿಚಾರಣೆಗಳನ್ನು ಹತ್ತಿರದಿಂದ ಬಲ್ಲ ಫ್ರೀಡ್ರಿಕ್ ಸ್ಪೇ ಎಂಬ ಜೆಸ್ವಿಟ್ ಪಾದ್ರಿ 1631ರಲ್ಲೇ ಇದನ್ನೆಲ್ಲ ಬರೆದಿದ್ದ. ಹಗ್ಗಕ್ಕೆ ಏರಿಸಿದರೆ ನಾವೆಲ್ಲರೂ ಮಾಟಗಾರರೇ ಆಗುತ್ತೇವೆ ಎಂಬುದು ಅವನ ವಾದದ ತಿರುಳು. ನೂರಮೂವತ್ತು ವರ್ಷ ಹಿಂದೆಯೇ ಹೇಳಿದ್ದ ವಾದ 1764ರಲ್ಲಿ ಏಕೆ ಕಿವಿಗೆ ಬಿತ್ತು? ಲ್ಯಾಂಗ್‌ಬೀನ್ 1977ರ ತಮ್ಮ ಪುಸ್ತಕದಲ್ಲಿ ಕೊಟ್ಟ ಉತ್ತರ ಇದು: ಅಷ್ಟರಲ್ಲಿ ಪುರಾವೆಯ ನಿಯಮವೇ ಒಳಗಿನಿಂದ ಸಡಿಲವಾಗಿತ್ತು. ಹಡಗಿನ ಹುಟ್ಟು ಹಾಕಿಸುವುದು, ದುಡಿಮೆಯ ಸೆರೆಮನೆ, ಗಡೀಪಾರು ಮುಂತಾದ ಹೊಸ ಶಿಕ್ಷೆಗಳು ಬಂದಾಗ, ಪೂರ್ಣ ಪುರಾವೆ ಇಲ್ಲದಿದ್ದರೂ ಸಾವಿಗಿಂತ ಕಡಿಮೆಯ ಶಿಕ್ಷೆ ಕೊಡಬಹುದು ಎಂದು ನ್ಯಾಯಾಧೀಶರು ನಡೆಸಿಕೊಂಡು ಬಂದರು. ಸಂದರ್ಭಗಳನ್ನು ತೂಗಿ ನೋಡುವ ನ್ಯಾಯಾಧೀಶನ ಬುದ್ಧಿಯ ಮೇಲೆ ನಿಧಾನವಾಗಿ ನಂಬಿಕೆ ಹುಟ್ಟಿತು. ಪ್ರಷ್ಯಾ 1754ರಲ್ಲಿ, ಆಸ್ಟ್ರಿಯಾ 1776ರಲ್ಲಿ, ಫ್ರಾನ್ಸ್ 1780 ಮತ್ತು 1788ರಲ್ಲಿ ಎರಡು ಹಂತಗಳಲ್ಲಿ ಚಿತ್ರಹಿಂಸೆಯನ್ನು ಕೈಬಿಟ್ಟವು.

ಬೆಕ್ಕಾರಿಯಾನ ಪುಸ್ತಕಕ್ಕೆ ಏನೂ ಮಹತ್ವವಿಲ್ಲ ಎಂದು ಇದರಿಂದ ಹೇಳಲಾಗದು. ಅವನ ಗೆಳೆಯ ವೆರ್ರಿಯ ಮನೆಯನ್ನೇ ನೋಡಿ. ಚಿತ್ರಹಿಂಸೆ ನಿಲ್ಲಿಸುವ ಪ್ರಸ್ತಾಪ, ಆಗ ಮಿಲಾನನ್ನು ಆಳುತ್ತಿದ್ದ ವಿಯೆನ್ನಾದಿಂದ 1776ರಲ್ಲಿ ಬಂದಾಗ ಮಿಲಾನಿನ ಸೆನೆಟ್ ಅದನ್ನು ವಿರೋಧಿಸಿತು. ಆ ವಿರೋಧವನ್ನು ಬರೆದುಕೊಟ್ಟ ಸೆನೆಟರ್ ಗಬ್ರಿಯೆಲೆ ವೆರ್ರಿ, ಪಿಯೆತ್ರೋನ ತಂದೆ. ಪಿಯಾತ್ಸಾ ಮತ್ತು ಮೋರಾನ ಬಗ್ಗೆ ತಾನು ಬರೆದದ್ದನ್ನು ಮಗ ಪ್ರಕಟಿಸಲಿಲ್ಲ. ಅವನು ತೀರಿಕೊಂಡ ಮೇಲೆ, 1804ರಲ್ಲಿ, ಅದು ಅಚ್ಚಾಯಿತು. ಒಂದೇ ಮನೆಯ ಎರಡು ತಲೆಮಾರುಗಳ ನಡುವೆ ಒಂದು ಸಂಸ್ಕೃತಿ ಹೀಗೆ ಮಗ್ಗುಲು ಬದಲಿಸಿತು. ಅಪಕೀರ್ತಿಯ ಕಂಬವನ್ನು 1778ರಲ್ಲಿ ಕೆಡವಿದರು. ಶಿಕ್ಷೆಯ ವಿವರ ಕೆತ್ತಿದ ಅದರ ಕಲ್ಲು ಮಿಲಾನಿನ ಸ್ಫೋರ್ಜಾ ಕೋಟೆಯಲ್ಲಿ ಈಗಲೂ ಇದೆ.

ಈ ಕಥೆಯ ಒಂದು ಕವಲು ನಮ್ಮಲ್ಲಿಗೂ ಬಂದಿದೆ. ಕಂದಾಯ ವಸೂಲಿಗೂ ತಪ್ಪೊಪ್ಪಿಗೆಗೂ ಮದ್ರಾಸ್ ಪ್ರಾಂತ್ಯದಲ್ಲಿ ನಡೆಯುತ್ತಿದ್ದ ಹಿಂಸೆಯ ಕುರಿತು 1855ರಲ್ಲಿ ಒಂದು ಆಯೋಗ ವರದಿ ಕೊಟ್ಟಿತು. ಬಳ್ಳಾರಿಯೂ ಕನ್ನಡ ಜಿಲ್ಲೆ ಎಂದು ಕರೆಯುತ್ತಿದ್ದ ಕರಾವಳಿಯೂ ಆಗ ಅದೇ ಪ್ರಾಂತ್ಯದಲ್ಲಿದ್ದವು. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಪುರಾವೆಯಾಗಿ ಬಳಸಕೂಡದು ಎಂದು 1872ರ ಸಾಕ್ಷ್ಯ ಅಧಿನಿಯಮದ 25ನೆಯ ಕಲಮು ಹೇಳಿತು. 2024ರ ಜುಲೈನಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದೇ ಮಾತು 23ನೆಯ ಕಲಮಾಗಿ ಮುಂದುವರಿದಿದೆ. ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯ ಮಂಪರು ಪರೀಕ್ಷೆಗೆ ದೇಶದಲ್ಲೇ ಹೆಸರಾಯಿತು. ಮದ್ದು ಚುಚ್ಚಿ ಅರೆಪ್ರಜ್ಞೆಯಲ್ಲಿ ಬಾಯಿ ಬಿಡಿಸುವ ಈ ವಿಧಾನದಲ್ಲಿ ಹಗ್ಗವಿಲ್ಲ, ಇಕ್ಕುಳವಿಲ್ಲ. ಆದರೆ ಸತ್ಯ ಆರೋಪಿಯ ಮೈಯೊಳಗೆ ಅಡಗಿ ಕೂತಿದೆ, ಅವನ ಇಚ್ಛೆಯನ್ನು ಸರಿಸಿಬಿಟ್ಟರೆ ಅದು ಹೊರಗೆ ಬರುತ್ತದೆ ಎಂಬ ನಂಬಿಕೆ ಮಿಲಾನಿನದೇ. 2010ರ ಮೇ 5ರಂದು ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆ, ಮಿದುಳು ಪರೀಕ್ಷೆ ಮಾಡುವುದು ಸಂವಿಧಾನಕ್ಕೆ ವಿರುದ್ಧ ಎಂದು ತೀರ್ಪು ಕೊಟ್ಟಿತು. ಕಾನೂನು ಇಷ್ಟು ಸ್ಪಷ್ಟವಾಗಿ ಬಾಗಿಲು ಮುಚ್ಚಿದ ಮೇಲೂ, ಪತ್ರಿಕೆಯ ಅಪರಾಧ ಪುಟದಲ್ಲಿ ‘ವಿಚಾರಣೆ ವೇಳೆ ಆರೋಪಿ ಬಾಯ್ಬಿಟ್ಟಿದ್ದಾನೆ’ ಎಂಬ ಸಾಲು ಓದಿದ ಕೂಡಲೇ ಪ್ರಕರಣ ಮುಗಿಯಿತೆಂದು ನಾವು ಪುಟ ತಿರುವುತ್ತೇವೆ. ನ್ಯಾಯಾಲಯ ಪೀಠದಿಂದ ಇಳಿಸಿದ ಪುರಾವೆಗಳ ಆ ರಾಣಿ ಓದುಗರ ಮನಸ್ಸಿನಲ್ಲಿ ಇನ್ನೂ ಆಳುತ್ತಿದ್ದಾಳೆ.

ಮೋರಾ ಹಗ್ಗದಲ್ಲಿ ಎಲ್ಲವನ್ನೂ ಒಪ್ಪಿಕೊಂಡ ಮರುದಿನ, ನಿಯಮದಂತೆ ಅವನನ್ನು ಮತ್ತೆ ಕೇಳಿದರು. ಒಂದು ಪ್ರಾರ್ಥನೆ ಹೇಳಿಕೊಳ್ಳಲು ಬಿಡಿ, ಆಮೇಲೆ ದೇವರು ನುಡಿಸಿದಂತೆ ನುಡಿಯುತ್ತೇನೆ ಎಂದ. ಶಿಲುಬೆಯ ಮುಂದೆ ಮೊಣಕಾಲೂರಿ ಎದ್ದು, ನನ್ನ ಆತ್ಮಸಾಕ್ಷಿಯಾಗಿ ಇದರಲ್ಲಿ ಒಂದೂ ನಿಜವಲ್ಲ ಎಂದ. ಹಿಂಸೆಯ ಕೋಣೆಗೆ ಕರೆದೊಯ್ದರು; ಕೈ ಕಟ್ಟುವಾಗ, ನಿನ್ನೆ ಹೇಳಿದ್ದೇ ನಿಜ ಎಂದ. ಬಿಚ್ಚಿ ಹೊರಗೆ ತಂದರು; ಒಂದೂ ನಿಜವಲ್ಲ ಎಂದ. ಮತ್ತೆ ಒಳಗೆ ಒಯ್ದರು, ನಿಜ ಎಂದ. ಲಿಪಿಕಾರ ಎಲ್ಲವನ್ನೂ ಬರೆದುಕೊಂಡಿದ್ದಾನೆ, ಹೌದು ಎಂದದ್ದನ್ನೂ ಅಲ್ಲ ಎಂದದ್ದನ್ನೂ, ಅದೇ ಶಾಯಿಯಲ್ಲಿ.